ನೀರು ಕಾಯುವಷ್ಟು ಗ್ಯಾಸು

ಡ್ರಮ್ಮು ಆ ದಿನವೂ ಮೂರು ಅಂಗುಲ ಕೆಳಗಿತ್ತು. ಅಚ್ಯುತನ್ ಕನ್ನಡಕ ತೆಗೆದು, ಮಂಜಿನಿಂದ ಒದ್ದೆಯಾದ ಗಾಜನ್ನು ಉಟ್ಟ ಮುಂಡಿನ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ನಲವತ್ತೊಂದು. ಇರಬೇಕಾದದ್ದು ನಲವತ್ತನಾಲ್ಕು. ಎರಡು ವರ್ಷದ ಹಿಂದೆ ಶಾಲೆಯ ಹಾಸ್ಟೆಲಿನ ಹಿತ್ತಲಲ್ಲಿ ಬಾವಿಯಂತೆ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ಎಂಟು ಹಸುಗಳ ಸಗಣಿಯನ್ನು ಕದಡಿ ತುಂಬಿ, ಮೇಲೆ ಈ ಕಬ್ಬಿಣದ ಡ್ರಮ್ಮನ್ನು ಬೋರಲು ಹಾಕಿದಾಗ, ಪಕ್ಕದ ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಅಂಗುಲದ ಗೆರೆಗಳನ್ನು ಎಳೆದವನು ಅವನೇ. ಸಗಣಿಯಿಂದ ಹುಟ್ಟಿದ ಗ್ಯಾಸು ಒಳಗೆ ಸೇರಿದಂತೆ ಡ್ರಮ್ಮು ಏಳುತ್ತಿತ್ತು. ಒಲೆ ಉರಿಸಿದಂತೆ ಇಳಿಯುತ್ತಿತ್ತು. ಒಂದು ಅಂಗುಲವೆಂದರೆ ಎರಡೂ ಕಾಲು ಘನ ಅಡಿ ಚಿಲ್ಲರೆ ಗ್ಯಾಸು. ಪುಲ್ಪಳ್ಳಿಯಿಂದ ಸುಲ್ತಾನ್ ಬತ್ತೇರಿಯವರೆಗಿನ ದಾರಿಯಲ್ಲಿ ಇದು ಗೊತ್ತಿದ್ದವನು ತಾನೊಬ್ಬನೇ ಎಂಬುದು ಅವನಿಗೆ ಬೆಳಗಿನ ಮೊದಲ ಚಹಾದಂತೆ ದಿನವೂ ಬೇಕಾಗುವ ಸುಖವಾಗಿತ್ತು. ಈಗ ನಾಲ್ಕು ದಿನದಿಂದ ಅದೇ ಗೆರೆಗಳು ಅವನನ್ನು ಅಣಕಿಸುತ್ತಿದ್ದವು. ಹಿಂದಿನ ದಿನ ಸೋಪಿನ ನೊರೆ ಕಲಸಿ ಪೈಪಿನ ಒಂದೊಂದು ಜೋಡಣೆಗೂ ಹಚ್ಚಿ ನೋಡಿದ್ದ. ಎಲ್ಲೂ ಗುಳ್ಳೆ ಎದ್ದಿರಲಿಲ್ಲ. ಪೈಪು ಸರಿ, ಡ್ರಮ್ಮು ಸರಿ, ಹಸುಗಳೂ ಸರಿ ಎಂದಾದರೆ ತಪ್ಪಬೇಕಾದದ್ದು ಅವನ ಲೆಕ್ಕ. ಅಷ್ಟು ದೂರ ಹೋದ ಯೋಚನೆ ಅಲ್ಲಿಂದ ಹಿಂದಕ್ಕೆ ಜಾರಿ, ಮತ್ತೆ ಪೈಪಿನ ಮೇಲೇ ಬಂದು ನಿಲ್ಲುತ್ತಿತ್ತು.

ಹಿಂದಿನ ತಿಂಗಳ ಕೊನೆಯಲ್ಲಿ, ಹೊಳೆಯಾಚೆಯ ದೊಡ್ಡ ಜಮೀನ್ದಾರನೊಬ್ಬನ ಮನೆಗೆ ನಕ್ಸಲೈಟರು ನುಗ್ಗಿ ಭತ್ತದ ಕಣಜ ಒಡೆದು ಹಾಡಿಯ ಆದಿವಾಸಿ ಜನರಿಗೆ ಹಂಚಿದ್ದರು. ಜಮೀನ್ದಾರ ಮಾಳಿಗೆಯ ಕಿಟಕಿಯಿಂದ ತೋಟೆಕೋವಿ ಹಾರಿಸಿದ್ದ. ಬೆಳಿಗ್ಗೆ ಬೇಲಿಯ ತಡಿಕೆಯ ಮೇಲೆ ರಕ್ತ ಇತ್ತಂತೆ. ಯಾರಿಗೋ ಏಟು ಬಿದ್ದಿತ್ತು, ಆದರೆ ಅಂಥ ಯಾರೂ ಮಾನಂದವಾಡಿಯ ಆಸ್ಪತ್ರೆಗಾಗಲಿ ಬತ್ತೇರಿಯ ಡಾಕ್ಟರರ ಹತ್ತಿರವಾಗಲಿ ಹೋಗಿರಲಿಲ್ಲ. ಮೂರನೆಯ ದಿನ ಇಪ್ಪತ್ತನಾಲ್ಕು ಜನ ರಿಸರ್ವ್ ಪೊಲೀಸರು ಬಂದು ಶಾಲೆಯ ಎರಡು ಕೋಣೆಗಳಲ್ಲಿ ಇಳಿದುಕೊಂಡರು. ಅವರ ಸಬ್ ಇನ್‌ಸ್ಪೆಕ್ಟರ್ ದಾಮೋದರನ್ ಮೀಸೆಯಿಲ್ಲದ, ಮೆಲ್ಲಗೆ ಮಾತಾಡುವ ಮನುಷ್ಯ. ಇಂಟರ್ಮೀಡಿಯೆಟ್‌ನಲ್ಲಿ ಭೌತಶಾಸ್ತ್ರ ಓದಿದ್ದನಂತೆ. ಬಂದ ಮಾರನೆಯ ದಿನವೇ ಡ್ರಮ್ಮಿನ ಸುತ್ತ ಎರಡು ಸಲ ಸುತ್ತಿ, ಇದರಲ್ಲಿ ತನ್ನ ಜನಕ್ಕೆ ಸ್ನಾನದ ನೀರು ಕಾಯಿಸಬಹುದೇ, ಎಷ್ಟು ಗ್ಯಾಸು ಬೇಕಾದೀತು, ಕಟ್ಟಿಗೆಗಾಗಿ ಕಾಡಿಗೆ ಹುಡುಗರನ್ನು ಕಳಿಸುವುದು ಈಗ ಅಪಾಯ ಎಂದು ಮಲೆಯಾಳದಲ್ಲಿ ಕೇಳಿದ. ಹೆಡ್‌ಮಾಸ್ಟರರನ್ನು ಕೇಳಲಿಲ್ಲ, ಲೆಕ್ಕ ವಿಜ್ಞಾನ ಕಲಿಸುವ ಅಚ್ಯುತನನ್ನೇ ಕೇಳಿದ. ಎರಡು ವರ್ಷದಲ್ಲಿ ಅಂಥ ಪ್ರಶ್ನೆ ಕೇಳಿದವರು ಯಾರೂ ಇರಲಿಲ್ಲ. ಕೋಯಿಕ್ಕೋಡಿನಲ್ಲಿ ಹತ್ತು ದಿನದ ತರಬೇತಿಗೆ ಹೋದಾಗ ಕೂಡ, ಅಚ್ಯುತನ್ ಎದ್ದುನಿಂತು ಏನೋ ಕೇಳಿದರೆ, ಅಧಿಕಾರಿ ಉತ್ತರ ಕೊಡುವ ಬದಲು ಅವನು ಮಳೆಗೆ ಮಲೆಯಾಳದಲ್ಲಿರುವ ಶಬ್ದವನ್ನು ಉಚ್ಚರಿಸಿದ ರೀತಿಗೆ ನಕ್ಕಿದ್ದ. ನಾಲಗೆಯನ್ನು ಹಿಂದಕ್ಕೆ ಹೊರಳಿಸಿ ತೇಲಿಸಬೇಕಾದ ಆ ಒಂದು ಅಕ್ಷರ ಅವನ ಬಾಯಲ್ಲಿ ಇವತ್ತಿಗೂ ಗಟ್ಟಿಯಾಗಿ ನೆಲಕ್ಕೆ ಬೀಳುತ್ತಿತ್ತು. ಅವನದು ಗುಂಡ್ಲುಪೇಟೆ ಕಡೆಯಿಂದ ಅಜ್ಜನ ಕಾಲದಲ್ಲಿ ಬಂದು ನೆಲೆಸಿದ ಮನೆ. ಮನೆಯೊಳಗೆ ಕನ್ನಡ, ಅಂಗಳದಾಚೆ ಮಲೆಯಾಳ. ಅಪ್ಪ ಇಟ್ಟ ಹೆಸರು ಅಚ್ಯುತ, ಶಾಲೆಯ ರಿಜಿಸ್ಟರಿನಲ್ಲಿ ಅಚ್ಯುತನ್ ಆಯಿತು, ಹಾಗೇ ಉಳಿಯಿತು.

ದಾಮೋದರನ್ ಕೇಳಿದ ದಿನ ಸಂಜೆ ಅವನು ಲೆಕ್ಕಕ್ಕೆ ಕೂತದ್ದು ಹಬ್ಬದ ಊಟಕ್ಕೆ ಕೂತ ಹಾಗೆ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋ ಕ್ಯಾಲೊರಿ. ಬಾವಿಯ ನೀರು ಹದಿನೇಳು ಡಿಗ್ರಿ, ಮೈಗೆ ಹಿತವಾಗುವುದು ನಲವತ್ತೈದು. ತಲೆಗೆ ಹತ್ತು ಲೀಟರು. ದಿನಕ್ಕೆ ಹನ್ನೆರಡು ಜನ, ಉಳಿದ ಹನ್ನೆರಡು ಜನ ಮರುದಿನ. ಒಲೆಯಲ್ಲಿ ಹುಟ್ಟುವ ಶಾಖದಲ್ಲಿ ಅರ್ಧಕ್ಕೆ ಸ್ವಲ್ಪ ಮೇಲೆ ಮಾತ್ರ ನೀರಿಗೆ ಸೇರುತ್ತದೆ, ಮಿಕ್ಕದ್ದು ಹಂಡೆಗೂ ಗಾಳಿಗೂ. ಇದನ್ನೆಲ್ಲ ಕೂಡಿ ಭಾಗಿಸಿದರೆ ನಲವತ್ತಾರು ಘನ ಅಡಿ, ಎಂದರೆ ಡ್ರಮ್ಮಿನಲ್ಲಿ ಇಪ್ಪತ್ತು ಅಂಗುಲ. ಉಳಿದ ಇಪ್ಪತ್ತನಾಲ್ಕು ಅಂಗುಲ ಹಾಸ್ಟೆಲಿನ ಮೂವತ್ತು ಮಕ್ಕಳ ಬೆಳಗಿನ ಗಂಜಿಗೆ; ಆ ಒಲೆಯನ್ನು ದಿನವೂ ಹಚ್ಚುವುದೂ ಆರಿಸುವುದೂ ಅವನೇ. ಶುದ್ಧ ಕಾಗದದ ಮೇಲೆ ಅಂದವಾಗಿ ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟ. ದಾಮೋದರನ್ ಅದನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳದೆ ಗೋಡೆಗೆ ಅಂಟಿಸಿದ್ದು ಅಚ್ಯುತನಿಗೆ ಎರಡು ದಿನ ನೆನಪಾಗುತ್ತ ಇತ್ತು. ನೆನಪಾದಾಗಲೆಲ್ಲ, ಇವರು ಇಲ್ಲಿ ಯಾಕೆ ಬಂದಿದ್ದಾರೆ ಎಂಬುದೂ ನೆನಪಾಗಿ, ಒಳಗೆ ಏನೋ ಅಳುಕಿದಂತಾಗುತ್ತಿತ್ತು. ಆದರೆ ಸ್ನಾನದ ನೀರಿಗೂ ಅದಕ್ಕೂ ಏನು ಸಂಬಂಧ.

ಈಗ ನಲವತ್ತೊಂದು. ನಿಯಮದಂತೆ ಡ್ರಮ್ಮು ಇಪ್ಪತ್ತನಾಲ್ಕರ ಗೆರೆಗೆ ಇಳಿದ ಕೂಡಲೇ ಅವನು ಸ್ನಾನದೊಲೆಯ ತಿರುಪನ್ನು ಮುಚ್ಚಿದ. ಕೊನೆಯ ಇಬ್ಬರು ಕಾನ್‌ಸ್ಟೇಬಲ್‌ಗಳಿಗೆ ಸಿಕ್ಕಿದ್ದು ಹೆಸರಿಗೆ ಮಾತ್ರ ಬೆಚ್ಚಗಿನ ನೀರು. ಒಬ್ಬ ಚಳಿಗೆ ನಡುಗುತ್ತ, ಮೈಮೇಲಿನ ತೋರ್ತು ಟವಲನ್ನು ಹಿಂಡುತ್ತ, ಲೆಕ್ಕದ ಮಾಷಿನ, ಎಂದರೆ ಮೇಷ್ಟರ, ನೀರು ಕಾಗದದ ಮೇಲೆ ಚೆನ್ನಾಗಿ ಕಾಯುತ್ತದೆ ಎಂದ. ಉಳಿದವರು ನಕ್ಕರು. ಅವರಿಗೆ ದ್ವೇಷವೇನೂ ಇರಲಿಲ್ಲ, ಅಂಗಳದಲ್ಲಿ ಬಿದಿರ ಚಾಪೆಯ ಮೇಲೆ ಒಣಗುತ್ತಿದ್ದ ಮೆಣಸಿನ ನಡುವೆ ಹಾರುತ್ತಿದ್ದ ಕೋಳಿಯನ್ನು ನೋಡಿಯೂ ಅವರು ಹಾಗೇ ನಗುತ್ತಿದ್ದರು. ಆದರೆ ಅಚ್ಯುತನಿಗೆ ಕಿವಿ ಬಿಸಿಯಾಯಿತು. ತರಗತಿಗೆ ಹೋಗುವ ಬದಲು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಮತ್ತೊಮ್ಮೆ ಮಾಡಿದ. ಉತ್ತರ ಅದೇ ಬಂತು. ಇನ್ನೊಮ್ಮೆ ಮಾಡಿದ. ಅದೇ ಬಂತು. ಕೊನೆಗೆ ಪ್ರಶ್ನೆಯನ್ನೇ ತಿರುಗಿಸಿದ: ಆ ಮೂರು ಅಂಗುಲ ಗ್ಯಾಸು ಎಲ್ಲಿಗೆ ಹೋಯಿತು ಎಂದಲ್ಲ, ಅದರಿಂದ ಏನು ಮಾಡಬಹುದು. ಏಳು ಘನ ಅಡಿ. ಸರಿಯಾಗಿ ಆರು ಲೀಟರು ನೀರನ್ನು ಕುದಿಯುವವರೆಗೆ ಕಾಯಿಸಬಹುದು. ಉತ್ತರ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದು ನಿಜವಾಗಿರಲೇಬೇಕು ಅನ್ನಿಸಿತು.

ಮಧ್ಯಾಹ್ನದ ಬೆಲ್ಲು ಹೊಡೆದ ಮೇಲೆ ಅವನು ಕಾಗದ ಹಿಡಿದುಕೊಂಡು ದಾಮೋದರನ್ ಕೂತಿದ್ದ ಏಳನೆಯ ತರಗತಿಯ ಕೋಣೆಗೆ ಹೋದ. ದಾಮೋದರನ್ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತು ಊಟ ಮುಗಿಸಿ ಕಿತ್ತಳೆ ಸುಲಿಯುತ್ತಿದ್ದ. ಲೆಕ್ಕ ತಪ್ಪಿದೆಯೇ ಎಂದು ನಗುತ್ತ ಕೇಳಿದ. ಆ ನಗುವೇ ಅಚ್ಯುತನ ಕೈಹಿಡಿದು ಮುಂದಕ್ಕೆ ಎಳೆದದ್ದು. ಲೆಕ್ಕ ತಪ್ಪಿಲ್ಲ, ದಿನವೂ ಏಳು ಘನ ಅಡಿ ಗ್ಯಾಸು ಬೇರೆ ಎಲ್ಲೋ ಉರಿಯುತ್ತಿದೆ ಎಂದು ಹೇಳಿದ, ಕೆಳಗೆ ಎರಡು ಗೆರೆ ಎಳೆದ ಕಾಗದವನ್ನು ಕೊಟ್ಟ, ಪೈಪಿಗೆ ಹಚ್ಚಿದ ಸೋಪಿನ ನೊರೆಯ ವಿಷಯ ಹೇಳಿದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

"ಸರಿಯಾಗಿ ಹೇಳಬೇಕಾದರೆ ದಿನಕ್ಕೆ ಆರು ಲೀಟರು ನೀರು ಕುದಿಯುವಷ್ಟು" ಎಂದ.

ದಾಮೋದರನ್ ಕಿತ್ತಳೆಯ ಒಂದು ತೊಳೆ ಬಿಡಿಸಿದವನು ಅದನ್ನು ಬಾಯಿಗೆ ಹಾಕಲಿಲ್ಲ. ಕಾಯುವಷ್ಟೋ ಕುದಿಯುವಷ್ಟೋ ಎಂದು ಕೇಳಿದ. ಅಚ್ಯುತನ್, ಕುದಿಯುವಷ್ಟು, ಎಂದ. ಅಡುಗೆ ಯಾರದು ಎಂದು ದಾಮೋದರನ್ ಕೇಳಿದ. ಕುಳ್ಳಿ, ಎಂದ. ಹೆಸರು ಬಾಯಿಂದ ಹೊರಗೆ ಬಿದ್ದ ಮೇಲೆ, ಆ ಸಣ್ಣ ಕೋಣೆಯ ಗೋಡೆಗಳು ಸ್ವಲ್ಪ ಹತ್ತಿರ ಬಂದಂತೆ ಅವನಿಗೆ ಭಾಸವಾಯಿತು. ದಾಮೋದರನ್ ತೊಳೆಯನ್ನು ಸಿಪ್ಪೆಯ ಮೇಲೆ ಇಟ್ಟು, ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ, "ಗಾಯ ತೊಳೆಯಲು ಕುದಿಸಿದ ನೀರು ಬೇಕು" ಎಂದ.

ಮುಂದಿನದು ತುಂಬ ಬೇಗ, ಏನೂ ಗಲಾಟೆಯಿಲ್ಲದೆ ನಡೆಯಿತು. ಇಬ್ಬರು ಕಾನ್‌ಸ್ಟೇಬಲ್‌ಗಳು ಹಾಸ್ಟೆಲಿನ ಅಡುಗೆಮನೆಗೆ ಹೋದರು. ಕುಳ್ಳಿ ಅಕ್ಕಿ ತೊಳೆಯುತ್ತಿದ್ದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಅವರ ನಡುವೆ ಅಂಗಳ ದಾಟಿ ಬಂದಳು. ಅಚ್ಯುತನ್ ಜಗಲಿಯ ಕಂಬದ ಪಕ್ಕದಲ್ಲಿದ್ದ. ಅವಳು ಅವನತ್ತ ನೋಡಿದಳು. ಅದು ಸಹಾಯ ಕೇಳುವ ನೋಟವೂ ಆಗಿರಲಿಲ್ಲ, ಆರೋಪದ ನೋಟವೂ ಅಲ್ಲ. ಈ ಮಲೆಯಾಳದವರು ಏನು ಕೇಳುತ್ತಾರೆಂದು ನಿನಗಾದರೂ ಗೊತ್ತೇ ಎನ್ನುವಂಥದ್ದು. ಕುಳ್ಳಿ ಜೇನುಕುರುಬರ ಹೆಂಗಸು. ಅವಳ ಹಾಡಿಯ ಮಾತು ಅವನ ಮನೆಯ ಕನ್ನಡಕ್ಕೆ ಅಕ್ಕತಂಗಿಯಂತೆ ಹತ್ತಿರ. ಇಡೀ ಶಾಲೆಯಲ್ಲಿ ಅವನು ಕನ್ನಡದಲ್ಲಿ ಮಾತಾಡುತ್ತಿದ್ದುದು ಅವಳೊಬ್ಬಳ ಹತ್ತಿರ. ಬಾಗಿಲು ಮುಚ್ಚಿತು. ಒಳಗಿಂದ ದಾಮೋದರನ ಮೆಲುದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಎಂಟನೆಯ ತರಗತಿಗೆ ಅವನು ಪಾಠ ಮಾಡಿದ. ಏನು ಮಾಡಿದ ಎಂಬುದು ಸೀಮೆಸುಣ್ಣ ಕೈಯಲ್ಲಿ ಮುರಿದಾಗಲಷ್ಟೇ ಗಮನಕ್ಕೆ ಬಂತು. ಹಲಗೆಯ ಮೇಲೆ ನೀರಿನ ಹಬೆಯ ಬಗ್ಗೆ ಅರ್ಧ ವಾಕ್ಯ ಇತ್ತು. ನಡುವೆ ಒಂದೇ ಗೋಡೆ, ಅದೂ ಮೇಲೆ ಛಾವಣಿಯವರೆಗೆ ಹೋಗದ ಗೋಡೆ. ಅದರಾಚೆಯಿಂದ ಏನೂ ಕೇಳುತ್ತಿರಲಿಲ್ಲ. ಕೂಗು ಕೇಳಿದ್ದರೆ ಅವನು ಏನಾದರೂ ಮಾಡುತ್ತಿದ್ದನೇನೋ. ಹೇಳುವ ಮೊದಲು ನನಗೆ ಗೊತ್ತಿತ್ತೇ ಎಂದು ಅವನು ಕೇಳಿಕೊಂಡ. ಗೊತ್ತಿರಲಿಲ್ಲ. ಆದರೆ ಮೂರು ದಿನದ ಹಿಂದೆ, ಮಕ್ಕಳ ಊಟ ಮುಗಿದ ಹೊತ್ತಿನಲ್ಲಿ, ಕುಳ್ಳಿ ಅಲ್ಯುಮಿನಿಯಂ ಪಾತ್ರೆಯೊಂದರ ಬಾಯಿಗೆ ಬಾಳೆಲೆ ಕಟ್ಟಿ ಸೊಂಟಕ್ಕೇರಿಸಿ ಹೊಳೆಯ ಕಡೆಯ ಕಾಲುದಾರಿಯಲ್ಲಿ ಇಳಿದು ಹೋದದ್ದನ್ನು ನೋಡಿದ್ದ. ಎಲೆಯ ಅಂಚಿನಿಂದ ಹಬೆ ಏಳುತ್ತಿತ್ತು. ಗಂಜಿಯಿರಬೇಕು ಅಂದುಕೊಂಡ. ಗಂಜಿ ಅಂದುಕೊಂಡನೋ ಅಥವಾ ಗಂಜಿ ಎಂದುಕೊಳ್ಳುವುದು ಒಳ್ಳೆಯದು ಅಂದುಕೊಂಡನೋ. ಅವಳ ತಮ್ಮ ಕಾಳನ್ ಕಣಜ ಒಡೆದ ದಿನದಿಂದ ಕಾಣುತ್ತಿಲ್ಲ ಎಂಬುದೂ ಅವನ ಕಿವಿಗೆ ಬಿದ್ದಿತ್ತು. ಕಾಳನ್ ಘೋಷಣೆ ಕೂಗುವವನಲ್ಲ, ಅವನಿಗೆ ಅಕ್ಷರ ಬಾರದು. ಹೊಳೆಯಾಚೆ ತಾನೇ ಕಡಿದು ಹದಮಾಡಿದ ಒಂದು ತುಂಡು ನೆಲ ಕೊನೆಗೆ ಜಮೀನ್ದಾರನ ಬೇಲಿಯೊಳಗೆ ಸೇರಿದ್ದಕ್ಕೆ ನಾಲ್ಕು ವರ್ಷ ಅವನ ಅಂಗಳಕ್ಕೆ ಹೋಗಿ ಸುಮ್ಮನೆ ಕೂತು ಎದ್ದು ಬರುತ್ತಿದ್ದವನು. ಭತ್ತ ಹಂಚುತ್ತಾರಂತೆ ಎಂದರೆ ಚೀಲ ಹಿಡಿದು ಹೋಗುವವನು. ಹೋಗಿರಬೇಕು. ಅಚ್ಯುತನಿಗೆ ಪಾತ್ರೆ ಗೊತ್ತಿತ್ತು, ಹಬೆ ಗೊತ್ತಿತ್ತು, ಕಾಳನ್ ಗೊತ್ತಿತ್ತು. ಮೂರನ್ನೂ ಕೂಡಿರಲಿಲ್ಲ, ಅಷ್ಟೇ. ಕೂಡುವುದೇ ಉದ್ಯೋಗವಾದವನು.

ಅಚ್ಯುತನ ಅಪ್ಪನೂ ಬೇಲಿ ಹಾಕಿದವನೇ. ಹುಲ್ಲುಗದ್ದೆಯ ಅಂಚಿನಲ್ಲಿ ಕುಳ್ಳಿಯ ಜನ ಗೆಡ್ಡೆ ಅಗೆಯಲು ಬರುತ್ತಿದ್ದ ಜಾಗಕ್ಕೆ ಅಪ್ಪ ಒಂದು ಬೇಸಿಗೆಯಲ್ಲಿ ಮುಳ್ಳು ಕಟ್ಟಿಸಿದ. ಕಟ್ಟಿದವರೂ ಆ ಜನವೇ. ಆಗ ಕುಳ್ಳಿ ಹದಿನಾರು ಹದಿನೇಳರವಳು, ಇವನನ್ನು ಎತ್ತಿಕೊಂಡು ಗದ್ದೆಯ ಬದುವಿನಲ್ಲಿ ತಿರುಗುತ್ತಿದ್ದಳಂತೆ, ಅಚ್ಚಪ್ಪ ಎಂದು ಕರೆಯುತ್ತಿದ್ದಳಂತೆ. ಹಾಸ್ಟೆಲಿಗೆ ಅಡುಗೆಯವಳಾಗಿ ಬಂದ ಮೊದಲ ವಾರವೂ ಹೆಡ್‌ಮಾಸ್ಟರರ ಎದುರಿನಲ್ಲೇ ಹಾಗೆ ಕರೆದುಬಿಟ್ಟಳು. ಅವನು ಅವಳನ್ನು ಬಾವಿಯ ಹತ್ತಿರ ಕರೆದು, ಇಲ್ಲಿ ಎಲ್ಲರೂ ಮಾಷೆ ಎನ್ನುತ್ತಾರೆ, ನೀನೂ ಹಾಗೇ ಕರೆಯಬೇಕು ಎಂದಿದ್ದ. ಆಯ್ತು ಮಾಷೆ, ಎಂದು ಅವಳು ಅಲ್ಲೇ, ಆ ಕ್ಷಣದಲ್ಲೇ ಬದಲಾಯಿಸಿಕೊಂಡದ್ದು ಅವನಿಗೆ ಹಗುರವೆನಿಸಿತ್ತು. ಮನುಷ್ಯರಿಗೆ ಅಷ್ಟು ಸುಲಭವಾಗಿ ಬದಲಾಯಿಸಿಕೊಳ್ಳಲು ಆಗುವುದು ಎಷ್ಟು ಅಭ್ಯಾಸದ ಮೇಲೆ ಎಂದು ಆಗ ಯೋಚಿಸಿರಲಿಲ್ಲ. ಈಗ ಗೋಡೆಯಾಚೆ ಒಂದು ಬೆಂಚು ಎಳೆದ ಸದ್ದಾಯಿತು. ಆಮೇಲೆ ಒಣ ಹಲಗೆಗೆ ಅಂಗೈ ಬಡಿದ ಹಾಗೆ ಒಂದೇ ಒಂದು ಸದ್ದು. ಮಕ್ಕಳೆಲ್ಲ ತಲೆಯೆತ್ತಿ ಅವನ ಮುಖ ನೋಡಿದರು. ಅವನು ಪುಸ್ತಕದ ಪುಟ ತಿರುಗಿಸಿದ.

ಮೂರೂವರೆಗೆ ತರಗತಿ ಬಿಟ್ಟ ಮೇಲೆ ಅವನು ನೇರ ಹೋಗಿ ಆ ಬಾಗಿಲು ತಟ್ಟಿದ. ದಾಮೋದರನ್ ಹೊರಗೆ ಬಂದು ಬಾಗಿಲನ್ನು ತನ್ನ ಹಿಂದೆ ಎಳೆದುಕೊಂಡ. ಅವಳಿಗೆ ಮಲೆಯಾಳ ಚೆನ್ನಾಗಿ ಬರುತ್ತದೆ, ಆದರೆ ಬಾಯಿ ಬಿಡುತ್ತಿಲ್ಲ, ಗ್ಯಾಸು ಮುಟ್ಟಿಲ್ಲ ಎಂದಷ್ಟೇ ಹೇಳುತ್ತಿದ್ದಾಳೆ, ಸಂಜೆ ಹೊತ್ತಿಗೆ ಹಾಡಿಯನ್ನೆಲ್ಲ ಶೋಧಿಸುತ್ತೇವೆ ಎಂದು ಬೇಸರದಿಂದ ಹೇಳಿದ. ಅಚ್ಯುತನ್ ದಾರಿಯಲ್ಲಿ ತಯಾರಿಸಿಕೊಂಡಿದ್ದ ವಾಕ್ಯವನ್ನು ಹೇಳಿದ.

"ನನ್ನ ಲೆಕ್ಕ ತಪ್ಪಾಗಿದೆ."

ಮಧ್ಯಾಹ್ನ ಸರಿಯಾಗಿದ್ದದ್ದು ಈಗ ಹೇಗೆ ತಪ್ಪಾಯಿತು ಎಂದು ದಾಮೋದರನ್ ಕೇಳಿದ. ದನಿಯಲ್ಲಿ ಇನ್ನೂ ಗೌರವ ಇತ್ತು, ಕಣ್ಣಲ್ಲಿ ಇರಲಿಲ್ಲ. ಪಕ್ಕದ ಖಾಲಿ ತರಗತಿಗೆ ಕರೆದುಕೊಂಡು ಹೋಗಿ, ತಾನೂ ಇದನ್ನು ಸ್ವಲ್ಪ ಓದಿದವನೇ, ತಪ್ಪು ಎಲ್ಲಿ ಎಂದು ತೋರಿಸಿ, ಎಂದು ಸೀಮೆಸುಣ್ಣ ಕೈಗೆ ಕೊಟ್ಟ. ಐದಾರು ಜನ ಕಾನ್‌ಸ್ಟೇಬಲ್‌ಗಳು ಬಾಗಿಲಲ್ಲಿ ಸೇರಿದರು. ಅಚ್ಯುತನ್ ಹಲಗೆಯ ಎದುರು ನಿಂತ. ಜೀವಮಾನದಲ್ಲಿ ಅವನು ಬೇಕೆಂದು ಒಂದು ಲೆಕ್ಕವನ್ನೂ ತಪ್ಪು ಮಾಡಿದವನಲ್ಲ, ಹೇಗೆ ಮಾಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ಗುಣಾಕಾರದಲ್ಲಿ ತಪ್ಪು ಎಂದರೆ ಈ ಮನುಷ್ಯ ತಾನೇ ಗುಣಿಸಿ ನೋಡುತ್ತಾನೆ. ಹಂಡೆ ಕುಡಿಯುವ ಶಾಖ ಎಂದರೆ ಅದು ನೀರಿನ ವಿಷಯವಾಯಿತೇ ಹೊರತು ಡ್ರಮ್ಮು ಇಳಿದ ವಿಷಯವಲ್ಲ. ಬೆವರು ಕನ್ನಡಕದ ಅಂಚಿಗೆ ಬಂತು. ಹೊರಗೆ ಬಿಸಿಲು ಸುಡುತ್ತಿತ್ತು. ಇದೇ ಅಂಗಳ ಬೆಳಿಗ್ಗೆ ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು ಎಂದು, ಸಂಬಂಧವಿಲ್ಲದೆ, ನೆನಪಾಯಿತು. ಆಗ ಅವನ ಬಾಯಿ ಅವನಿಗಿಂತ ಮೊದಲು ಮಾತಾಡಿತು. ಡ್ರಮ್ಮು ಎಷ್ಟು ಏಳಬೇಕೆಂದು ನಾನು ಗೆರೆ ನೋಡಿ ಗೊತ್ತುಮಾಡಿದ್ದು ನಡು ಮಧ್ಯಾಹ್ನದಲ್ಲಿ, ಕಬ್ಬಿಣ ಬಿಸಿಲಿಗೆ ಕಾದಿದ್ದಾಗ, ಎಂದ. ಈಗ ಅಳೆಯುತ್ತಿರುವುದು ಬೆಳಿಗ್ಗೆ ಆರಕ್ಕೆ, ಮಂಜಿನಲ್ಲಿ. ಗ್ಯಾಸು ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಯಾರೂ ಕದಿಯದೆಯೇ ಡ್ರಮ್ಮು ಬೆಳಿಗ್ಗೆ ಕೆಳಗಿರುತ್ತದೆ.

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಎಂಟನೆಯ ತರಗತಿಯ ಪಾಠ. ಪ್ರತಿ ವರ್ಷ ಜುಲೈಯಲ್ಲಿ ಅವನೇ ಹೇಳಿಕೊಡುವುದು. ಹಲಗೆಯ ಮೇಲೆ ಬರೆಯುತ್ತ ಹೋದ. ಮಧ್ಯಾಹ್ನದ ಬಿಸಿಲಿನಲ್ಲಿ ಮೂವತ್ತನಾಲ್ಕು ಡಿಗ್ರಿ, ಬೆಳಿಗ್ಗೆ ಹದಿನಾಲ್ಕು. ಇಪ್ಪತ್ತು ಡಿಗ್ರಿಗೆ ನಲವತ್ತನಾಲ್ಕು ಅಂಗುಲದಲ್ಲಿ ಎಷ್ಟು ಕುಗ್ಗುತ್ತದೆ. ಎರಡೂ ಮುಕ್ಕಾಲು, ಮೂರರ ಹತ್ತಿರ ಹತ್ತಿರ. ಸುಳ್ಳು ಹೇಳಲು ಬಂದವನ ಎದುರಿಗೆ ನಿಜ ಬಂದು ನಿಂತಿತ್ತು. ಯಾರಿಗೋ ಒಂದು ತ್ಯಾಗ ಮಾಡುತ್ತಿದ್ದೇನೆಂಬ ಭಾವನೆಯಿಂದ ಈ ಕೋಣೆಗೆ ಬಂದಿದ್ದ. ಅದೂ ಈಗ ಕೈಬಿಟ್ಟಿತು. ಉಳಿದದ್ದು ಬರೀ ತಪ್ಪು, ಒಬ್ಬ ದಡ್ಡನ ತಪ್ಪು, ಅದನ್ನು ಅವನು ಎರಡು ಗೆರೆ ಎಳೆದು ಪೊಲೀಸರಿಗೆ ಕೊಟ್ಟಿದ್ದ.

ದಾಮೋದರನ್ ಬರೀ ಮಾತನ್ನು ನಂಬುವವನಲ್ಲ. ನೋಡಿಯೇ ಬಿಡೋಣ ಎಂದು ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದ. ನಾಲ್ಕು ಗಂಟೆಯ ಬಿಸಿಲಿನಲ್ಲಿ ಡ್ರಮ್ಮು ಕೈಯಿಡಲಾಗದಷ್ಟು ಸುಡುತ್ತಿತ್ತು. ಗೆರೆ ಮೂವತ್ತೆರಡು. ಒಲೆಯ ಕಡೆಯ ತಿರುಪಿಗೆ ಒಬ್ಬನನ್ನು ಕಾವಲು ನಿಲ್ಲಿಸಿ, ಉಳಿದವರಿಗೆ ಬಾವಿಯಿಂದ ನೀರು ಸೇದಿ ಡ್ರಮ್ಮಿನ ಮೇಲೆ ಸುರಿಯಲು ಹೇಳಿದ. ಪೊಲೀಸರು ಅಂಗಿ ಬಿಚ್ಚಿ ಸಾಲಾಗಿ ನಿಂತು, ಬಕೆಟನ್ನು ಕೈಯಿಂದ ಕೈಗೆ ದಾಟಿಸುತ್ತ, ಮದುವೆಮನೆಯಲ್ಲಿ ಓಡಾಡುವವರ ಹಾಗೆ ಹುರುಪಿನಿಂದ ಸುರಿದರು. ಕಬ್ಬಿಣ ಚುರುಗುಟ್ಟಿತು, ಹಬೆ ಎದ್ದಿತು. ಹೆಡ್‌ಮಾಸ್ಟರರು ಆಫೀಸಿನ ಕಿಟಕಿಯಿಂದ ನೋಡುತ್ತಿದ್ದರು. ಹಾಸ್ಟೆಲಿನ ಮಕ್ಕಳು ಜಗಲಿಯಲ್ಲಿ ಸಾಲಾಗಿ ನಿಂತಿದ್ದರು. ಹತ್ತು ಬಕೆಟಿಗೆ ಏನೂ ಆಗಲಿಲ್ಲ. ಇಪ್ಪತ್ತಾಯಿತು. ಅಚ್ಯುತನ್ ಬಿಳಿಯ ಗೆರೆಯ ಮೇಲಿಂದ ಕಣ್ಣು ಕೀಳಲಿಲ್ಲ. ಇಳಿಯಲಿ ಎಂದು ಇಡೀ ಮೈಯಿಂದ ಬೇಡಿಕೊಳ್ಳುತ್ತಿದ್ದ, ಅದೇ ಹೊತ್ತಿನಲ್ಲಿ ಒಳಗಿನ ಇನ್ನೊಂದು ಮೂಲೆ, ಇಳಿಯದಿದ್ದರೆ ನನ್ನ ಮೊದಲಿನ ಲೆಕ್ಕ ಸರಿ ಎಂದಾಗುತ್ತದೆ, ಎಂದು ಆಸೆಯಿಂದ ಕಾಯುತ್ತಿತ್ತು. ಆ ಮೂಲೆಯನ್ನು ಕಂಡು ಅವನಿಗೆ ಹೇಸಿಗೆಯಾಯಿತು. ಮೂವತ್ತನೆಯ ಬಕೆಟು ಸುರಿಯುವಾಗ ಡ್ರಮ್ಮು ನರಳಿದಂತೆ ಕಿರ್ರೆಂದು, ಒಂದು ಕಡೆಗೆ ವಾಲಿ, ಸರಿಯಾಗಿ ಕೂತಿತು. ಮೂವತ್ತೊಂದಕ್ಕಿಂತ ಕೆಳಗೆ. ಕಾನ್‌ಸ್ಟೇಬಲ್‌ಗಳು ಚಪ್ಪಾಳೆ ತಟ್ಟಿದರು. ದಾಮೋದರನ್ ಬಾಗಿ ಗೆರೆ ನೋಡಿದ. ಬೆರಳಿನಿಂದ ಮುಟ್ಟಿ ನೋಡಿದ. ಒಂದೇ ಅಂಗುಲ ಅಲ್ಲವೇ ಎಂದ. ಇದು ಅರ್ಧ ಗಂಟೆಯ ತಂಪು, ಅದು ಇಡೀ ರಾತ್ರಿಯದು, ಎಂದು ಅಚ್ಯುತನ್ ಹೇಳಿದ. ದಾಮೋದರನ್ ಅವನ ಮುಖ ನೋಡಿ, ಎಲ್ಲರಿಗೂ ಕೇಳುವಂತೆ, ಮಾಷಿನ ಲೆಕ್ಕ ನಂಬಿ ಒಂದು ಪೂರ್ತಿ ಮಧ್ಯಾಹ್ನ ಹಾಳಾಯಿತು, ನಾಳೆಯಿಂದ ಕಟ್ಟಿಗೆಯೇ ವಾಸಿ, ಎಂದ. ಪೊಲೀಸರು ಮತ್ತೆ ನಕ್ಕರು. ಹೋಗುವಾಗ ಗೋಡೆಗೆ ಅಂಟಿಸಿದ್ದ ಕಾಗದವನ್ನು ಕಿತ್ತು ತಂದು ಅವನ ಕೈಗೇ ಕೊಟ್ಟ. ಹಾಡಿಯ ಶೋಧನೆಯ ಮಾತು ಆಡಲಿಲ್ಲ.

ಕುಳ್ಳಿಯನ್ನು ಐದು ಗಂಟೆಗೆ ಬಿಟ್ಟರು. ಅವಳು ಸೆರಗನ್ನು ಎಡಗಿವಿಗೆ ಒತ್ತಿಕೊಂಡು ಅಂಗಳ ದಾಟಿದಳು. ಮನೆಗೆ ಹೋಗಲಿಲ್ಲ, ಅಡುಗೆಮನೆಗೆ ಹೋದಳು. ಮಧ್ಯಾಹ್ನ ತೊಳೆಯುತ್ತಿದ್ದ ಅಕ್ಕಿ ಹಾಗೇ ನೀರಿನಲ್ಲಿ ನೆನೆಯುತ್ತಿತ್ತು. ಅಚ್ಯುತನ್ ತನ್ನ ಕೋಣೆಯಲ್ಲಿ ಕೂತು ಕಿಟಕಿಯಿಂದ ಅಡುಗೆಮನೆಯ ಹೊಗೆ ನೋಡುತ್ತಿದ್ದ. ಯಾರಿಗೂ ಏನೂ ಆಗಲಿಲ್ಲ, ಹಾಡಿ ಉಳಿಯಿತು, ತನ್ನಿಂದಲೇ ಉಳಿಯಿತು ಎಂದು ಒಂದು ವಾದ. ಉಳಿಸಬೇಕಾದ ಸ್ಥಿತಿ ಬಂದದ್ದು ಯಾರಿಂದ ಎಂದು ಇನ್ನೊಂದು. ಹೋಗಿ ಹೇಳಬೇಕೇ? ಹೇಳಿದರೆ ಅವಳಿಗೇನು ಸಿಗುತ್ತದೆ, ತನ್ನ ಮನಸ್ಸು ಹಗುರಾಗುತ್ತದೆ ಅಷ್ಟೆ. ಆದ್ದರಿಂದ ಹೇಳದೆ ಇರುವುದೇ ದೊಡ್ಡತನ, ಎಂಬಲ್ಲಿಗೆ ಯೋಚನೆ ಬಂದು ನಿಂತಾಗ, ಅದರ ಅಚ್ಚುಕಟ್ಟುತನ ನೋಡಿ ಅವನಿಗೆ ಭಯವಾಯಿತು. ಎದ್ದು ಚಪ್ಪಲಿ ಕೂಡ ಹಾಕಿಕೊಳ್ಳದೆ ಹೋದ.

ಕುಳ್ಳಿ ಕಟ್ಟಿಗೆಯ ಒಲೆಯ ಮುಂದೆ ಕೂತಿದ್ದಳು. ಮಕ್ಕಳ ಅನ್ನ ಬೆಂದು ಇಳಿಸಿಯಾಗಿತ್ತು. ಉಳಿದ ಕೆಂಡದ ಮೇಲೆ ಅದೇ ಅಲ್ಯುಮಿನಿಯಂ ಪಾತ್ರೆ. ನೀರು ಕುದಿ ಹಿಡಿಯುತ್ತಿತ್ತು. ಮೂಲೆಯಲ್ಲಿ ಗ್ಯಾಸಿನ ಒಲೆ ತಣ್ಣಗೆ, ಬೂದಿಯ ಧೂಳು ಕೂತು ನಿಂತಿತ್ತು. ಅವನು ಅದನ್ನೂ ಪಾತ್ರೆಯನ್ನೂ ನೋಡುತ್ತಿರುವುದನ್ನು ಅವಳು ಕಂಡಳು. ಪಾತ್ರೆಯನ್ನು ಮರೆಮಾಡಲು ಹೋಗಲಿಲ್ಲ. ಅವಳ ಎಡಗೆನ್ನೆ ಊದಿ ಕಣ್ಣು ಸಣ್ಣದಾಗಿತ್ತು.

"ಗ್ಯಾಸಿಗೆ ನಾ ಕೈ ಹಾಕಿಲ್ಲೆ ಮಾಷೆ. ನಂಗೆ ಅದರ ಪೇಡಿ. ಕೆಂಡ ಸುಮ್ಮನೆ ಆರಿಹೋತದೆ, ಅದರ ಮೇಲೆ ಇಡೋದು" ಎಂದಳು. ಹೆದರಿಕೆಗೆ ಅವಳು ಬಳಸಿದ್ದು ಮಲೆಯಾಳದ ಮಾತು, ಪೊಲೀಸರಿಗೆ ಮಧ್ಯಾಹ್ನವಿಡೀ ಅದನ್ನೇ ಹೇಳಿ ಹೇಳಿ ನಾಲಗೆಗೆ ಅಂಟಿಕೊಂಡಿತ್ತೇನೋ.

ಅವನು ಬಾಗಿಲ ಹತ್ತಿರದಲ್ಲೇ, ಅವಳ ಎಡಗಡೆಗೆ, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಬೆಂಕಿಯನ್ನು ನೋಡುತ್ತ, ತನ್ನ ಮನೆಯ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದ. ಪೊಲೀಸರಿಗೆ ಹೇಳಿದ್ದು ನಾನೇ ಎಂದ. ಗ್ಯಾಸು ಕಡಿಮೆಯಾದದ್ದು ಚಳಿಯಿಂದ, ನನಗೆ ಅದು ಹೊಳೆಯಲಿಲ್ಲ, ಕೇಳುವ ಮೊದಲೇ ನಿನ್ನ ಹೆಸರು ಬಾಯಿಗೆ ಬಂತು ಎಂದ. ಕೇಳುವ ಮೊದಲೇ ಅಲ್ಲ, ಕೇಳಿದ ಮೇಲೆ. ಆದರೆ ಆ ಕ್ಷಣದಲ್ಲಿ ಅವನಿಗೆ ಹಾಗೇ ಅನ್ನಿಸಿತ್ತು. ಇಷ್ಟು ಹೇಳಲು ಅವನಿಗೆ ಇಡೀ ಎದೆಯ ಉಸಿರು ಬೇಕಾಯಿತು. ಮುಗಿಸಿ, ಕಾಯುತ್ತ ಕೂತ. ಕುಳ್ಳಿ ಒಂದು ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. ನೀರಿನ ಮೇಲಿನ ಹಬೆಯನ್ನು ನೋಡಿದಳು. ಅವಳ ಮುಖ ಬದಲಾಗಲಿಲ್ಲ. ಆಮೇಲೆ ಅವನ ತುಟಿಯತ್ತ ತಿರುಗಿ, ಅವನು ಏನೋ ಮಾತಾಡಿದ್ದಾನೆಂಬುದು ಆಗ ಗೊತ್ತಾದವಳ ಹಾಗೆ,

"ಎಂತ ಹೇಳಿದೆ? ಈ ಕಡೆ ಬಂದು ಹೇಳು ಮಾಷೆ. ಆ ಕಿವೀಲಿ ಏನೂ ಕೇಳ್ತಿಲ್ಲೆ" ಎಂದಳು.

ಅವನು ಕೂತಲ್ಲೇ ಇದ್ದ. ಒಂದು ಸಲ ಹೇಳಿ ಖಾಲಿಯಾದದ್ದನ್ನು ಮತ್ತೆ ತುಂಬಿಕೊಳ್ಳಲು ಒಳಗೆ ಏನೂ ಇರಲಿಲ್ಲ. ನಾಳೆಯ ಅಕ್ಕಿಯ ವಿಷಯ ಎನ್ನಬಹುದಿತ್ತು. ಬತ್ತೇರಿಗೆ ಹೋಗಿ ಕಿವಿ ತೋರಿಸು, ನಾನು ಬಸ್ಸಿಗೆ ಕೂರಿಸುತ್ತೇನೆ ಎನ್ನಬಹುದಿತ್ತು, ಅದೂ ನಿಜವಾಗಿ ಹೇಳಬೇಕಾದ ಮಾತೇ. ಎದ್ದು, ಒಲೆಯನ್ನು ಸುತ್ತಿಕೊಂಡು, ಅವಳ ಬಲಗಡೆಗೆ ಹೋಗಿ ಕೂತ. ಈ ಸಲ ಲೆಕ್ಕ, ಚಳಿ, ಡ್ರಮ್ಮು ಯಾವುದೂ ಬರಲಿಲ್ಲ.

"ನಿನ್ನನ್ನ ಹಿಡಿದುಕೊಟ್ಟವನು ನಾನು" ಎಂದ.

ಕುಳ್ಳಿ ತಲೆಯಾಡಿಸಿದಳು. ಅದು ಅವಳಿಗೆ ಗೊತ್ತಿತ್ತು. ಪೊಲೀಸರು ಒಳಗೆ ಕೂರಿಸಿ ಮೊದಲು ತೋರಿಸಿದ್ದೇ ಅವನ ಕಾಗದವನ್ನು ಎಂದು ಹೇಳಿದಳು; ಅಕ್ಷರ ಓದಲು ಬರದಿದ್ದರೂ ಅವನು ಎಳೆಯುವ ಎರಡು ಗೆರೆ ಅವಳಿಗೆ ಗುರುತಿತ್ತು. ಅವಳು ಸಿಟ್ಟಾಗಲಿ ಎಂದು ಅವನು ಕಾದ. ಅವಳು ಬಾಳೆಲೆಯೊಂದನ್ನು ಕೆಂಡಕ್ಕೆ ಹಿಡಿದು ಬಾಡಿಸಿ, ಪಾತ್ರೆ ಇಳಿಸಿ, ಬಾಯಿಗೆ ಕಟ್ಟಿದಳು. ಎತ್ತುವಾಗ ತಲೆ ತಿರುಗಿದಂತಾಗಿ ಗೋಡೆ ಹಿಡಿದುಕೊಂಡಳು. ಅವನು ಎದ್ದು, ನಾನು ಹೊತ್ತು ತರುತ್ತೇನೆ, ಎಲ್ಲಿಯವರೆಗೆ ಹೇಳುತ್ತೀಯೋ ಅಲ್ಲಿಯವರೆಗೆ, ಎಂದ. ಕೈ ಮುಂದೆ ಚಾಚಿದ. ಕುಳ್ಳಿ ಪಾತ್ರೆಯನ್ನು ಇನ್ನೊಂದು ಸೊಂಟಕ್ಕೆ ದಾಟಿಸಿಕೊಂಡಳು.

"ಬೇಡ ಮಾಷೆ. ನೀ ಕಂಡರೆ, ಕೇಳಿದೋರಿಗೆ ಹೇಳ್ತೀ."

ಅದರಲ್ಲಿ ಕಹಿಯಿರಲಿಲ್ಲ. ಒಬ್ಬ ಮನುಷ್ಯನ ಎತ್ತರ ಇಷ್ಟು, ಮೈಬಣ್ಣ ಇಂಥದ್ದು ಎನ್ನುವಂತೆ ಹೇಳಿದಳು. ಅವಳು ಹೊಸ್ತಿಲು ದಾಟಿ ಹಿತ್ತಲಿಗೆ ಇಳಿದು ಒಂದು ಕ್ಷಣ ನಿಂತಳು. ಅಲ್ಲಿಂದ ಎರಡು ದಾರಿ: ಒಂದು ಹೊಳೆಗೆ, ಇನ್ನೊಂದು ಕಾಫಿ ತೋಟದ ಬೇಲಿಯ ಬದಿಯಿಂದ ಕಾಡಿಗೆ. ಬಾಗಿಲಲ್ಲಿ ನಿಂತರೆ ಎರಡೂ ಚೆನ್ನಾಗಿ ಕಾಣುತ್ತಿದ್ದವು, ಇನ್ನೂ ಬೆಳಕಿತ್ತು. ಅವಳು ಅವನಿಗಾಗಿಯೇ ಕಾಯುತ್ತಿದ್ದಾಳೆ ಎಂದು ಅವನಿಗೆ ತಡವಾಗಿ ಅರ್ಥವಾಯಿತು. ಅಚ್ಯುತನ್ ತಿರುಗಿ ಅಡುಗೆಮನೆಯ ಹೊಗೆ ಹಿಡಿದ ಗೋಡೆಯ ಕಡೆಗೆ ಮುಖ ಮಾಡಿ ನಿಂತ. ಹಿಂದೆ ಒಣಗಿದ ಎಲೆಗಳ ಮೇಲೆ ಹೆಜ್ಜೆಯ ಸದ್ದು ಶುರುವಾಯಿತು. ಅದು ಯಾವ ಕಡೆಗೆ ಹೋಗುತ್ತಿದೆ ಎಂಬುದೂ ತಿಳಿಯದಿರಲಿ ಎಂದು ಅವನು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡ.